ಚಿನ್ನಪ್ಪನ ನಿದ್ದೆ

ರೇಣುಕಾಪ್ರಸಾದನಿಗೆ ಯಾರ ಆಸ್ತಿ ಅಂತಸ್ತಿನ ಮೇಲೂ ಹೊಟ್ಟೆಕಿಚ್ಚಿಲ್ಲ. ಕೆ.ಆರ್. ನಗರದಲ್ಲಿ ಮೂವತ್ತು ವರ್ಷದಿಂದ ಭತ್ತದ ಮಂಡಿ ನಡೆಸುತ್ತಿದ್ದಾನೆ. ಎದುರು ಸಾಲಿನವರು ಮೂರಂತಸ್ತು ಎತ್ತಿದರೂ, ಪಕ್ಕದ ಅಂಗಡಿಯವನು ಹೊಸ ಕಾರು ತಂದು ಇವನ ಬಾಗಿಲಿಗೇ ಅಡ್ಡ ನಿಲ್ಲಿಸಿದರೂ ಚೆನ್ನಾಗಿರಲಿ ಬಿಡು ಅನ್ನುವ ಮನುಷ್ಯ. ಆದರೆ ಅವನ ಕಣ್ಣೆದುರು ಯಾರೂ ನಿದ್ದೆ ಮಾಡಬಾರದು. ಹುಣಸೂರು ಬಸ್ಸಿನಲ್ಲಿ ನಿಂತಲ್ಲೇ ಕಂಬಿಗೆ ಜೋತುಬಿದ್ದು ತೂಕಡಿಸುವವರನ್ನು ಕಂಡರೆ, ತಟ್ಟಿ ಎಬ್ಬಿಸಿ ಯಾವ ಊರು ಎಂದು ಕೇಳುವ ಚಪಲ ಅವನಿಗೆ. ಮಂಡಿಯ ಹಮಾಲಿ ಕುಳ್ಳಯ್ಯ ಊಟವಾದ ಮೇಲೆ ಮೂಟೆಗಳ ಮೇಲೆ ಅಂಗಾತ ಬಿದ್ದು ಗೊರಕೆ ಶುರುಮಾಡಿದನೋ, ಯಾವುದೋ ಒಂದು ಮೂಟೆ ಜರೂರಾಗಿ ಆ ಗೋಡೆಯಿಂದ ಈ ಗೋಡೆಗೆ ಬರಲೇಬೇಕಾಗುತ್ತದೆ.

ರೇಣುಕಾಪ್ರಸಾದನ ನಿದ್ದೆ ಕೆಟ್ಟಿದ್ದು ಗಾವಡಗೆರೆಯಲ್ಲಿ, ಹದಿನೇಳನೇ ವಯಸ್ಸಿನಲ್ಲಿ. ಅಪ್ಪ ವೀರಭದ್ರಸ್ವಾಮಿಗೆ ಎರಡು ಬ್ಯಾರನ್ ಇದ್ದವು, ಹೊಗೆಸೊಪ್ಪು ಬೇಯಿಸುವ ಎತ್ತರದ ಗೂಡುಗಳು. ಸೊಪ್ಪನ್ನು ಒಳಗೆ ತೂಗುಹಾಕಿ ಬೆಂಕಿ ಹಾಕಿದ ಮೇಲೆ ಐದು ದಿನ ಹಗಲೂ ರಾತ್ರಿ ಯಾರಾದರೂ ಒಬ್ಬರು ಶಾಖ ನೋಡುತ್ತಿರಬೇಕು. ಕಮ್ಮಿಯಾದರೆ ಎಲೆ ಕೆಡುತ್ತದೆ, ಹೆಚ್ಚಾದರೆ ಬ್ಯಾರನ್ನೇ ಹೊತ್ತಿಕೊಳ್ಳುತ್ತದೆ. ಒಂದು ಸಲ ಹೊತ್ತಿಕೊಂಡಿತು. ಹುಡುಗ ಗೋಡೆಗೊರಗಿ ಕಣ್ಣು ಮುಚ್ಚಿದ್ದ. ಅಪ್ಪ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಬೂದಿಯ ಮುಂದೆ ನಿಂತು, "ಚೆನ್ನಾಗಿ ನಿದ್ದೆ ಬಂತಾ ಮಗಾ?" ಎಂದಷ್ಟೇ ಕೇಳಿದ. ಅವತ್ತಿನಿಂದ ರೇಣುಕಾಪ್ರಸಾದನಿಗೆ ರೆಪ್ಪೆ ಕೂಡಿದರೆ ಸಾಕು, ಮೈ ಬೆಚ್ಚಿ ಎದ್ದು ಕೂರುತ್ತದೆ. ಗಸಗಸೆ ಪಾಯಸ ಕುಡಿದ, ನೆತ್ತಿಗೆ ಹರಳೆಣ್ಣೆ ತಟ್ಟಿಸಿಕೊಂಡ, ಮೈಸೂರಿನ ಡಾಕ್ಟರ ಗುಳಿಗೆ ನುಂಗಿದ. ಗುಳಿಗೆಯಿಂದ ಬಾಯಿ ಒಣಗಿತೇ ಹೊರತು ಬೇರೆ ಏನೂ ಆಗಲಿಲ್ಲ.

ಇಂಥವನಿಗೆ ಸಿಕ್ಕ ಹೆಂಡತಿ ಉಷಾರಾಣಿ. ಸರಗೂರಿನವಳು, ಎರಡು ಕೈಯಲ್ಲಿ ನಾಲ್ಕು ಕೆಲಸ ಮಾಡುವವಳು, ಮಾತಿನಲ್ಲಿ ಜೋರು. ಮಲಗಿದಳೆಂದರೆ ಮಾತ್ರ ಮುಗಿಯಿತು. ಮದುವೆಯಾದ ಹೊಸದರಲ್ಲಿ ಗಂಡ ತನ್ನ ಕಷ್ಟಸುಖವನ್ನೆಲ್ಲ ಒಂದು ಗಂಟೆ ಹೇಳಿಕೊಂಡು, ಕೊನೆಗೆ ನೀನೇನಂತೀಯ ಎಂದು ತಿರುಗಿ ನೋಡಿದರೆ ಅವಳು ಬ್ಯಾರನ್ನಿನ ಕಥೆಗಿಂತ ಮುಂಚೆಯೇ ನಿದ್ದೆ ಹೋಗಿದ್ದಳು. ಅವನು ಅವಳ ಮುಖ ನೋಡುತ್ತ ಕೂತ. ಮೊದಮೊದಲು ಅದು ಪ್ರೀತಿಯೇ ಇದ್ದೀತು. ಆಮೇಲಾಮೇಲೆ ಅದರಲ್ಲಿ ಹೊಟ್ಟೆಯುರಿಯೂ ಬೆರೆತು, ಎರಡನ್ನೂ ಬೇರೆ ಮಾಡುವುದು ಅವನಿಗೇ ಆಗದೆ ಹೋಯಿತು. ಮಗಳು ಪ್ರಮೀಳಾ ಹುಟ್ಟಿ, ಬೆಳೆದು, ಪಿರಿಯಾಪಟ್ಟಣಕ್ಕೆ ಸೊಸೆಯಾಗಿ ಹೋಗುವಷ್ಟು ಕಾಲವೂ ಇದು ಹೀಗೇ ನಡೆಯಿತು.

ಇಷ್ಟರ ಮೇಲೆ ಮನೆಗೆ ಚಿನ್ನಪ್ಪ ಬಂದ.

ಮಂಡಿಯಲ್ಲಿ ಇಲಿಕಾಟ ಹೇಳತೀರದು. ಉಷಾರಾಣಿಯ ತಮ್ಮ ವಿರೂಪಾಕ್ಷ ಪಿರಿಯಾಪಟ್ಟಣದಲ್ಲಿ ಕೋಳಿ ಮೇವಿನ ಅಂಗಡಿ ಇಟ್ಟವನು, ಹೊಸ ಹೊಸ ಪ್ರಾಣಿಗಳ ಹುಚ್ಚು ಬೇರೆ. ಮೈಸೂರಿನಲ್ಲಿ ಯಾರೋ ವರ್ಗವಾಗಿ ಹೋಗುವವರು ಬಿಟ್ಟುಕೊಟ್ಟರೆಂದು ಒಂದು ದಿನ ಬೈಕಿನ ಹಿಂದೆ ಪಂಜರ ಕಟ್ಟಿಕೊಂಡು ಬಂದ. ಒಳಗೆ ಉದ್ದ ಮೈಯ, ಗಿಡ್ಡ ಕಾಲಿನ, ಕಣ್ಣಿನ ಸುತ್ತ ಕಪ್ಪು ಬಳಿದುಕೊಂಡಂತಿದ್ದ ಒಂದು ಜೀವ ಸುರುಳಿ ಸುತ್ತಿಕೊಂಡು ಮಲಗಿತ್ತು.

"ಫೆರೆಟ್ಟು ಅಂತಾರೆ ಭಾವ. ಫಾರಿನ್ನಲ್ಲಿ ಇಲಿ, ಮೊಲ ಎಲ್ಲಾ ಬಿಲದಿಂದ ಓಡಿಸಕ್ಕೆ ಇದನ್ನೇ ಬುಡೋದು. ಇದರ ವಾಸನೆ ಬಿದ್ರೆ ಇಲಿ ಊರು ಬುಡ್ತವೆ."

ಬೀದಿಯ ಹಿರಿತಲೆ ಸಿದ್ದಲಿಂಗಮ್ಮ ಗೋಡೆಯಾಚೆಯಿಂದಲೇ ಇಣುಕಿದರು. ಹುಟ್ಟಿಗೂ ಸಾವಿಗೂ ಈ ಸಾಲಿನ ಮನೆಗಳಲ್ಲಿ ಅವರು ಹೇಳಿದ್ದೇ ಶಾಸ್ತ್ರ. "ಇದು ಮುಂಗುಸಿ ಅಲ್ವೇನಪ್ಪ? ಮುಂಗುಸಿ ಸಾಕುದ್ರೆ ಫಾರೆಸ್ಟ್‌ನೋರು ಎತ್ತಾಕ್ಕೊಂಡು ಓಯ್ತಾರೆ. ಪಂಜರಾನಲ್ಲ, ನಿಮ್ಮನ್ನ."

ಮುಂಗುಸಿ ಅಲ್ಲವೆಂದು ಅವರಿಗೆ ತಿಳಿಸುವಷ್ಟರಲ್ಲಿ ವಿರೂಪಾಕ್ಷನ ಕಾಫಿ ಆರಿತು. ಅಷ್ಟು ಗಲಾಟೆಯಲ್ಲೂ ಆ ಪ್ರಾಣಿ ಮಗ್ಗಲು ಕೂಡ ಬದಲಿಸಲಿಲ್ಲ. ರೇಣುಕಾಪ್ರಸಾದ ಅದನ್ನು ಗಮನಿಸಿದ. ದಿನಕ್ಕೆ ಎಷ್ಟು ಹೊತ್ತು ಮಲಗುತ್ತದೆ ಎಂದು ಕೇಳಿದ. ಹದಿನೆಂಟು ಗಂಟೆ ಎಂದ ವಿರೂಪಾಕ್ಷ. ರೇಣುಕಾಪ್ರಸಾದನ ಹೊಟ್ಟೆಯಲ್ಲಿ ಅವತ್ತೇ ಕಿಡಿ ಬಿತ್ತು.

ಅದರ ಕೆಲಸದಲ್ಲಿ ಕುಂದು ಹೇಳುವಂತಿರಲಿಲ್ಲ. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಗೋದಾಮಿನ ಮೂಟೆಗಳ ಸಂದಿಯಲ್ಲಿ ಬಿಟ್ಟರೆ ನೀರಿನ ಹಾಗೆ ಹರಿದು ಮೂಲೆ ಮೂಲೆ ಜಾಲಾಡುತ್ತಿತ್ತು. ಹದಿನೈದು ದಿನದಲ್ಲಿ ಇಲಿಗಳು ಜಾಗ ಖಾಲಿ ಮಾಡಿದವು. ಉಷಾರಾಣಿ ಅದಕ್ಕೆ ಚಿನ್ನಪ್ಪ ಎಂದು ಹೆಸರಿಟ್ಟು ಪಂಜರವನ್ನು ಗೋದಾಮಿನಿಂದ ನಡುಮನೆಗೆ ತಂದಳು. ಅಲ್ಲಿಂದ ಮನೆಯ ಕಾನೂನೇ ಬದಲಾಯಿತು.

ಇಪ್ಪತ್ತಾರು ವರ್ಷ ರೇಣುಕಾಪ್ರಸಾದನಿಗೆ ನಸುಕಿನಲ್ಲಿ ಹಾಗೂ ಹೀಗೂ ಒಂದು ಜೊಂಪು ಹತ್ತುವ ಹೊತ್ತಿಗೇ ಅಡುಗೆಮನೆಯಲ್ಲಿ ಮಿಕ್ಸಿ ಕೂಗುತ್ತಿತ್ತು. ಕೇಳಿದರೆ, ಚಟ್ನಿ ತಾನಾಗಿ ರುಬ್ಬಿಕೊಳ್ಳುತ್ತದಾ ಎನ್ನುತ್ತಿದ್ದಳು. ಈಗ ಮಿಕ್ಸಿ ಹಿತ್ತಲ ಕಟ್ಟೆಗೆ ಹೋಯಿತು. ಟಿವಿಯ ಸದ್ದು ಇಳಿಯಿತು. ಅವನು ಚಪ್ಪಲಿ ಬಿಡುವ ಸದ್ದಿಗೂ ಉಷಾರಾಣಿ ತುಟಿಯ ಮೇಲೆ ಬೆರಳಿಡುತ್ತಿದ್ದಳು. "ನಿಧಾನ ಕಣ್ರೀ. ಚಿನ್ನಪ್ಪ ಈಗ ತಾನೇ ಮಲಗವ್ನೆ."

ಇದಕ್ಕಿಂತ ಹೊಟ್ಟೆ ಉರಿಸಿದ್ದು ಊಟದ ವಿಷಯ. ಅವರದು ಮೊಟ್ಟೆಯನ್ನೂ ಒಳಗೆ ತಾರದ ಲಿಂಗವಂತರ ಮನೆ. ಹಿಂದೊಮ್ಮೆ ರೇಣುಕಾಪ್ರಸಾದ ಗೆಳೆಯರ ಬಲವಂತಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಆಮ್ಲೆಟ್ ತಿಂದು ಬಂದನೆಂದು ಗೊತ್ತಾಗಿ, ಹಿತ್ತಲಲ್ಲಿ ತಣ್ಣೀರು ಹುಯ್ಯಿಸಿ ಒಳಗೆ ಬಿಟ್ಟುಕೊಂಡಿದ್ದಳು, ಮೂರು ದಿನ ಮಾತು ಬಿಟ್ಟಿದ್ದಳು. ಚಿನ್ನಪ್ಪನಿಗೆ ಮಾಂಸವಿಲ್ಲದೆ ನಡೆಯದು. ಕುಳ್ಳಯ್ಯ ತನ್ನ ಮನೆಯಿಂದ ಕೋಳಿಯ ತುಂಡು ತಂದರೆ, ಅದೇ ಉಷಾರಾಣಿ ಕೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು, ಮುಖ ಆ ಕಡೆ ತಿರುಗಿಸಿ, ಹಿತ್ತಲ ಸೌದೆಮನೆಯಲ್ಲಿ ತಾನೇ ತಿನ್ನಿಸುತ್ತಿದ್ದಳು.

"ನಂಗೆ ತಣ್ಣೀರು, ಅದಕ್ಕೆ ಕೋಳಿ" ಎಂದ ಒಂದು ದಿನ.

"ಅದಕ್ಕೆ ಬೇರೆ ಏನು ತಿನ್ನಬೇಕು ಅಂತ ಗೊತ್ತಿಲ್ಲ. ನಿಮಗೆ ಗೊತ್ತಿತ್ತು" ಎಂದಳು ಉಷಾರಾಣಿ. ಮಾತು ಸರಿಯಾಗಿದ್ದರಿಂದ ಅವನ ಉರಿ ಇನ್ನೂ ಹೆಚ್ಚಾಯಿತು.

ಸಂಕ್ರಾಂತಿಯ ಹಿಂದಿನ ವಾರ ಒಂದು ಮಧ್ಯಾಹ್ನ ಅವಳು ಮಠಕ್ಕೆ ಹೋಗಿದ್ದಳು. ರೇಣುಕಾಪ್ರಸಾದ ಪಂಜರದ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಪೊರಕೆ ಕಡ್ಡಿಯಿಂದ ಚಿನ್ನಪ್ಪನ ಪಕ್ಕೆ ತಿವಿದ. ಎಬ್ಬಿಸಬೇಕೆಂದು ತಾನೇ ತಿವಿದದ್ದು. ಏಳಲಿಲ್ಲ. ಕೈಯಲ್ಲಿ ಎತ್ತಿಕೊಂಡರೆ ಒದ್ದೆ ಟವೆಲಿನ ಹಾಗೆ ಎರಡೂ ಕಡೆ ಜೋತುಬಿತ್ತು. ಕತ್ತು ನಿಲ್ಲಲಿಲ್ಲ, ನಾಲಿಗೆಯ ತುದಿ ಹೊರಗಿತ್ತು, ಮೈ ತಣ್ಣಗಿತ್ತು. ಹೆಂಡತಿ ಬಂದರೆ ನಾನೇ ಕೊಂದೆ ಅನ್ನುತ್ತಾಳೆ ಎಂದುಕೊಂಡ. ಅಲ್ಲಾಡಿಸಿದ, ಹೆಸರು ಹಿಡಿದು ಕರೆದ. ಬಹಳ ಹೊತ್ತಿನ ಮೇಲೆ ಪಕ್ಕೆ ಒಂದು ಸಲ ಏರಿ ಇಳಿಯಿತು. ಇನ್ನೂ ಸುಮಾರು ಹೊತ್ತಾದ ಮೇಲೆ ಚಿನ್ನಪ್ಪ ಬಾಯಿ ಅಗಲಿಸಿ ಆಕಳಿಸಿ, ಏನೂ ಆಗದಂತೆ ಇವನ ಬನಿಯನ್ನು ಮೂಸಿತು.

ಕೂಡಲೇ ವಿರೂಪಾಕ್ಷನಿಗೆ ಫೋನು ಮಾಡಿದ. ಆ ಕಡೆಯಿಂದ ನಗು ಬಂತು. "ಅದರ ಜಾತಿ ನಿದ್ದೇನೇ ಅಂಗೆ ಭಾವ. ಚೆನ್ನಾಗಿ ಕೆಲಸ ಮಾಡಿ ದಣಿದ್ರೆ ಎಣದ ಥರಾನೇ ಬಿದ್ಕೋತವೆ. ಸಾಕಿದೋರೇ ಸತ್ತೋಯ್ತು ಅಂತ ಗೋಳಾಡ್ತಾರಂತೆ. ಅಕ್ಕಂಗೂ ಒಂದು ಮಾತು ಹೇಳ್ಬುಡಿ, ನೋಡಿದ್ರೆ ಎದೆ ಒಡ್ಕೋತಾಳೆ."

ಹೇಳುತ್ತೇನೆ ಎಂದ ರೇಣುಕಾಪ್ರಸಾದ. ಹೇಳಲಿಲ್ಲ. ಮರೆತನೆಂದಲ್ಲ. ಆ ಮನೆಯಲ್ಲಿ ಚಿನ್ನಪ್ಪನ ಬಗ್ಗೆ ಅವಳಿಗೆ ಗೊತ್ತಿಲ್ಲದ್ದು, ತನಗೊಬ್ಬನಿಗೇ ಗೊತ್ತಿರುವುದು ಅದೊಂದೇ ಆಗಿತ್ತು. ಆಮೇಲೂ ಎರಡು ಮೂರು ಸಲ ಅಂಥ ನಿದ್ದೆ ನೋಡಿದ. ಒಮ್ಮೆ ಉಸಿರೆಳೆದು ಮತ್ತೊಮ್ಮೆ ಎಳೆಯುವುದರೊಳಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ಇಟ್ಟುಕೊಂಡು ನೋಡಿದ. ತನಗೆ ಮೂವತ್ತಾರು ವರ್ಷದಿಂದ ಸಿಗದ ಒಂದು ಪದಾರ್ಥ ಒಂದು ಮೊಳದ ಪ್ರಾಣಿಗೆ ಇಷ್ಟು ಧಾರಾಳವಾಗಿ ಸಿಕ್ಕಿದ್ದು ಕಂಡು ಅವನು ಹಲ್ಲು ಕಡಿದ.

ಹೊಸ ಭತ್ತ ಬಂದು ಗೋದಾಮು ಬಾಗಿಲವರೆಗೆ ತುಂಬಿದ ದಿನಗಳು. ಹೊಸ ಮೂಟೆಗಳ ಜೊತೆ ಹೊಸ ಇಲಿಗಳೂ ಬಂದಿದ್ದವು. ಒಂದು ದಿನ ಬೆಳಗ್ಗೆ ಚಿನ್ನಪ್ಪ ಎರಡು ಗಂಟೆಗೂ ಮೀರಿ ಓಡಾಡಿ ಬಂದು ಮಲಗಿತು. ಹನ್ನೊಂದರ ಹೊತ್ತಿಗೆ ತಿನ್ನಿಸಲೆಂದು ಹೋದ ಉಷಾರಾಣಿಯ ಚೀರಾಟ ಮಂಡಿಯವರೆಗೂ ಕೇಳಿತು. ರೇಣುಕಾಪ್ರಸಾದ ಒಳಗೆ ಬಂದು ನೋಡಿದರೆ ಅವಳ ಮಡಿಲಲ್ಲಿ ಅದೇ ಒದ್ದೆ ಟವೆಲು, ಅದೇ ನಾಲಿಗೆಯ ತುದಿ. ಅವಳು ಆಗಲೇ ತಮ್ಮನಿಗೆ ಫೋನು ಹಚ್ಚಿ, ಚಿನ್ನಪ್ಪ ಹೋಗಿಬಿಟ್ಟ ಕಣೋ ಎಂದು ಅತ್ತು, ಅವನ ಮಾತು ಕೇಳದೆ ಫೋನು ಎಸೆದಿದ್ದಳು.

ಮಲಗಿದೆ ಅಷ್ಟೇ ಕಣೇ ಎಂಬ ಮಾತು ರೇಣುಕಾಪ್ರಸಾದನ ನಾಲಿಗೆಯವರೆಗೆ ಬಂದಿತ್ತು. ಅಷ್ಟರಲ್ಲಿ ಅವಳು, "ನಿನ್ನ ಬುಟ್ಟು ನಾನು ಎಂಗಿರ್ಲಪ್ಪಾ" ಎಂದು ಎದೆಗೆ ಅವುಚಿಕೊಂಡಳು.

ಅವನ ಬಾಯಿ ಮುಚ್ಚಿತು. ಅವನ ತಾಯಿ ತೀರಿಕೊಂಡಾಗ ಇವಳು ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡಿದ್ದಳು, ಅಷ್ಟೆ. ಹೋದ ವರ್ಷ ಅವನು ಕಿಡ್ನಿ ಕಲ್ಲಿಗೆ ಮೈಸೂರಿನ ಆಸ್ಪತ್ರೆಯಲ್ಲಿ ಒದ್ದಾಡುವಾಗ ಪಕ್ಕದ ಬೆಂಚಿನಲ್ಲಿ ಮಲಗಿ, ನರ್ಸು ಬಂದು ಕೂಗಿದರೂ ಎದ್ದಿರಲಿಲ್ಲ. ಈ ಅಳು ಇವಳಲ್ಲಿ ಇತ್ತೇ? ಇಷ್ಟು ವರ್ಷ ಎಲ್ಲಿ ಇಟ್ಟಿದ್ದಳು? ನಾನು ಸತ್ತರೆ ಇದರಲ್ಲಿ ಅರ್ಧವಾದರೂ ಬರುತ್ತದೆಯೇ? ಎರಡು ನಿಮಿಷ ಅಳಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡ. ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ವಿರೂಪಾಕ್ಷನ ಹೆಸರು ಕಂಡು ಸದ್ದು ನಿಲ್ಲಿಸಿ ಮತ್ತೆ ಜೇಬಿಗೆ ಹಾಕಿದ.

ಎರಡು ನಿಮಿಷದೊಳಗೆ ಅಕ್ಕಪಕ್ಕದವರನ್ನೆಲ್ಲ ಕರೆದುಕೊಂಡು ಸಿದ್ದಲಿಂಗಮ್ಮ ಬಂದರು. ಅವರು ಬಂದ ಮೇಲೆ ಸಾವು ಗಟ್ಟಿಯಾಯಿತು. ಕುಳ್ಳಯ್ಯ ಹಾರೆ ತಂದ. ಹಿತ್ತಲಲ್ಲಿ ಕರಿಬೇವಿನ ಗಿಡದ ಆಚೆ ಗುಂಡಿ ತೋಡುತ್ತ, "ಉದ್ದಕ್ಕೆ ತೆಗೀಲಾ ಅಮ್ಮಾವ್ರೆ?" ಎಂದು ಕೇಳಿದ.

"ಉದ್ದಕ್ಕೆ ಯಾಕ್ಲಾ? ನಮ್ಮಲ್ಲಿ ಕೂರ್ಸೋದು" ಎಂದರು ಸಿದ್ದಲಿಂಗಮ್ಮ. "ಉಪ್ಪು, ಇಬೂತಿ, ಬಿಲ್ವಪತ್ರೆ ತತ್ತಾ ಉಷಾ."

"ಕೋಳಿ ತಿಂತಿತ್ತಲ್ಲವ್ವಾ, ಇಬೂತಿ ಆಯ್ತದಾ?" ಕುಳ್ಳಯ್ಯನಿಗೆ ಅನುಮಾನ.

ಸಿದ್ದಲಿಂಗಮ್ಮ ಒಂದು ಗಳಿಗೆ ಯೋಚಿಸಿದರು. "ತಿಂದಿದ್ದು ಹಿತ್ತಲಲ್ಲಿ, ಮಲಗಿದ್ದು ನಡುಮನೇಲಿ. ಮನೆಯೋರೇ ಅಂದ್ಕೋಬೇಕು."

ಚಿನ್ನಪ್ಪನಿಗೆ ನೀರು ಚಿಮುಕಿಸಿದರು, ಹಣೆಗೆ ಮೂರು ಬೆರಳಿನ ವಿಭೂತಿ ಎಳೆದರು. ಏಳಲಿಲ್ಲ. ಮನೆಯ ಯಜಮಾನನೇ ಇಳಿಸಿ ಕೂರಿಸಬೇಕೆಂದು ಅದನ್ನು ರೇಣುಕಾಪ್ರಸಾದನ ಕೈಗೆ ಕೊಟ್ಟರು. ಅವನು ಗುಂಡಿಯ ಅಂಚಿನಲ್ಲಿ ಮಂಡಿಯೂರಿ, ಅದರ ಎದೆಗೂಡನ್ನು ಅಂಗೈಯಲ್ಲಿ ಹಿಡಿದು ಕೂರಿಸಿದ. ಅಂಗೈಗೆ ಅದರ ಎದೆ ಬಡಿತ ಸಣ್ಣಗೆ ತಾಗುತ್ತಿತ್ತು. ಈಗಲಾದರೂ ಎದ್ದೀತು, ತಾನಾಗಿಯೇ ಎದ್ದುಬಿಟ್ಟರೆ ನಾನು ಬಾಯಿ ಬಿಡುವುದೇ ಬೇಡ ಎಂದು ಕಾದ. ಉಪ್ಪಿನ ಮೇಲೆ ಕೂತು, ವಿಭೂತಿ ಹಚ್ಚಿಸಿಕೊಂಡು, ಹತ್ತು ಜನರ ಅಳುವಿನ ನಡುವೆ ಅದು ಸುಖವಾಗಿ ನಿದ್ದೆ ಮಾಡುತ್ತಿತ್ತು. ಗುಂಡಿಯಲ್ಲಿ ಕೂತರೂ ಇದಕ್ಕೆ ನಿದ್ದೆ ಬರುತ್ತದಲ್ಲ ಎಂದು ಆ ಹೊತ್ತಿನಲ್ಲೂ ಅವನ ಹೊಟ್ಟೆ ಉರಿಯಿತು. ನಾಚಿಕೆಯೂ ಆಯಿತು, ಆದರೆ ಉರಿ ನಾಚಿಕೆಗಿಂತ ಒಂದು ಹೆಜ್ಜೆ ಮುಂದೆ ಇತ್ತು.

ಈಗ ಹೇಳಿದರೆ, ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಹೇಳದಿದ್ದರೆ ಮಣ್ಣು ಬೀಳುತ್ತದೆ. ಉಷಾರಾಣಿ ಮೊದಲ ಹಿಡಿ ಮಣ್ಣು ತೆಗೆದುಕೊಂಡಳು. ಅವಳ ಬೆರಳ ಸಂದಿಯಿಂದ ಸ್ವಲ್ಪ ಮಣ್ಣು ಆಗಲೇ ಉದುರುತ್ತಿತ್ತು.

"ತಡಿ" ಎಂದ ರೇಣುಕಾಪ್ರಸಾದ. "ಉಸಿರಾಡ್ದಂಗೆ ಆಯ್ತು. ನನ್ನ ಕೈಗೆ ತಗುಲ್ತು."

ಸುಳ್ಳೇನಲ್ಲ. ತಗುಲಿದ್ದು ನಿಜ. ಯಾವಾಗಿನಿಂದ ತಗುಲುತ್ತಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ಎಲ್ಲರೂ ಬಗ್ಗಿದರು. ಅವನು ಅದನ್ನು ಮೇಲೆತ್ತಿ ಎದೆಗಿಟ್ಟು ತಿಕ್ಕಿದ, ಬೆನ್ನು ನೀವಿದ. ಕುಳ್ಳಯ್ಯ ಓಡಿಹೋಗಿ ಕೋಳಿಯ ತುಂಡು ತಂದು ಮೂಗಿಗೆ ಹಿಡಿದ. ಸುಮಾರು ಹೊತ್ತಿನ ಮೇಲೆ ಮೂಗು ಅಲುಗಿತು, ಚಿನ್ನಪ್ಪ ಆಕಳಿಸಿತು. ಸಿದ್ದಲಿಂಗಮ್ಮ ಶಿವಶಿವಾ ಎಂದು ಅಲ್ಲೇ ಕೂತುಬಿಟ್ಟರು. ಬೀದಿಗೆಲ್ಲ ಸುದ್ದಿ ಹಬ್ಬಿತು: ಹೋದ ಜೀವವನ್ನು ಯಜಮಾನರು ಗುಂಡಿಯಿಂದ ಎಬ್ಬಿಸಿದರು.

ಉಷಾರಾಣಿ ಮಣ್ಣಿನ ಕೈಯಲ್ಲೇ ಗಂಡನ ಎರಡೂ ಕೈ ಹಿಡಿದುಕೊಂಡಳು. "ನೀವಿಲ್ದೇ ಓಗಿದ್ರೆ ನಾನೇ ಮಣ್ಣಾಕ್ಬುಡ್ತಿದ್ದೆ ಕಣ್ರೀ" ಎಂದಳು. ಇಪ್ಪತ್ತಾರು ವರ್ಷದಲ್ಲಿ ಹೀಗೆ ಹತ್ತು ಜನರ ಮುಂದೆ ಅವಳು ಕೈ ಹಿಡಿದಿರಲಿಲ್ಲ. ಮಧ್ಯಾಹ್ನ ಬಿಸಿ ಮುದ್ದೆಗೆ ಎರಡು ಸಲ ತುಪ್ಪ ಬಡಿಸಿದಳು. ತಾನೇ ನಡುಮನೆಯಲ್ಲಿ ಹಾಸಿಗೆ ಬಿಡಿಸಿ, ಫ್ಯಾನು ಹಾಕಿ, ಬಾಗಿಲಾಚೆ ಯಾರೋ ಮಾತಾಡಿದ್ದಕ್ಕೆ ಹೋಗಿ ಗದರಿದಳು. "ನಿಧಾನ. ನಮ್ಮನೆಯೋರು ಮಲಗವ್ರೆ."

ಆ ಮಾತು ಕಿವಿಗೆ ಬಿದ್ದದ್ದಷ್ಟೇ ರೇಣುಕಾಪ್ರಸಾದನಿಗೆ ನೆನಪು. ಬೆಚ್ಚಿ ಏಳಲಿಲ್ಲ, ಮಗ್ಗಲು ಬದಲಿಸಲಿಲ್ಲ. ಬೈಕು ಬಂದು ನಿಂತದ್ದೂ ತಿಳಿಯಲಿಲ್ಲ, ಮನೆಯಲ್ಲಿ ಮಾತು ನಡೆದದ್ದೂ ತಿಳಿಯಲಿಲ್ಲ. ಜನ್ಮದಲ್ಲಿ ಇದೇ ಮೊದಲ ನಿದ್ದೆ ಎಂಬಂತೆ ಮೂರು ಗಂಟೆ ಮಲಗಿದ.

ಕಣ್ಣು ಬಿಟ್ಟಾಗ ಉಷಾರಾಣಿ ಹಾಸಿಗೆಯ ಪಕ್ಕ ಗೋಡೆಗೊರಗಿ ಕೂತಿದ್ದಳು. ಮಡಿಲಲ್ಲಿ ಚಿನ್ನಪ್ಪ, ಅದರ ಹಣೆಯ ಮೇಲೆ ವಿಭೂತಿ ಇನ್ನೂ ಅಳಿಸಿರಲಿಲ್ಲ. ಅವಳು ಎಷ್ಟು ಹೊತ್ತಿನಿಂದ ಹಾಗೆ ಇವನ ಮುಖವನ್ನೇ ನೋಡುತ್ತ ಕೂತಿದ್ದಳೋ. ಮೈಯೆಲ್ಲ ಹಗುರವಾಗಿತ್ತು ಅವನಿಗೆ. "ಎಂಥಾ ನಿದ್ದೆ ಕಣೇ" ಎಂದ, ನಗುತ್ತ.

"ವಿರೂಪಾಕ್ಷ ಬಂದಿದ್ದ" ಎಂದಳು ಉಷಾರಾಣಿ. ದನಿಯಲ್ಲಿ ಜೋರಿರಲಿಲ್ಲ. "ಭಾವಂಗೆ ಸಂಕ್ರಾಂತಿ ಮುಂಚೇನೇ ಹೇಳಿದ್ನಲ್ಲ, ಬೆಳಗ್ಗೆಯಿಂದ ಏಳು ಸಲ ಫೋನು ಮಾಡಿದ್ನಲ್ಲ ಅಂದ. ಎಬ್ಬಿಸ್ಲಾ ಅಂದ. ಬ್ಯಾಡ, ಮಲಗ್ಲಿ ಅಂದೆ. ಕಾಫಿ ಕುಡ್ದು ಓದ."

ರೇಣುಕಾಪ್ರಸಾದ ಎದ್ದು ಕೂತ. ಹೇಳಬೇಕೆಂದಿದ್ದೆ, ಗಡಿಬಿಡಿಯಲ್ಲಿ ಮರೆತೆ, ಕೊನೆಗೆ ತಡೆದವನು ನಾನೇ ಅಲ್ಲವೇ ಎಂದು ಮಾತು ಜೋಡಿಸುತ್ತಿದ್ದ. ಅವಳು ಅದ್ಯಾವುದನ್ನೂ ಕೇಳಲಿಲ್ಲ. ಬೈಯಲೂ ಇಲ್ಲ. ಅವಳು ಕೇಳಿದ್ದು ಬೇರೆ.

"ನಾನು ಮಲಗಿರ್ತೀನಲ್ಲ, ಏನೂ ಗೊತ್ತಾಗ್ದಂಗೆ. ಆಗ್ಲೂ ನೀವು ಎದ್ದು ಕೂತ್ಕೊಂಡು ಇಂಗೇ ನೋಡ್ತಿರ್ತೀರಾ?"

ಇಲ್ಲ ಎಂದ ರೇಣುಕಾಪ್ರಸಾದ. ಆದರೆ ಸ್ವಲ್ಪ ತಡೆದು ಎಂದ.

ಉಷಾರಾಣಿ ತಲೆಯಾಡಿಸಿದಳು. ಚಿನ್ನಪ್ಪನನ್ನು ಎತ್ತಿಕೊಂಡು, ಗೋಡೆಯ ಬದಿಗಿದ್ದ ತನ್ನ ಚಾಪೆ ದಿಂಬು ಕಂಕುಳಿಗೆ ಸಿಕ್ಕಿಸಿಕೊಂಡು, ಮಗಳು ಮಲಗುತ್ತಿದ್ದ ಕೋಣೆಗೆ ಹೋದಳು. ಒಳಗಿನಿಂದ ಚಿಲಕ ಹಾಕಿಕೊಂಡಳು.